ವಿದೇಶದಲ್ಲಿ ಇಂಗ್ಲಿಷ್ ಕಲಿಸುವವರು ಹೆಚ್ಚಿನ ಸಂಪಾದನೆಗೆ ಮನೆಪಾಠ ಹೇಳಬಹುದೇ?

ಪ್ರಶ್ನೆ: ಪಾಠಪಟ್ಟಿ

ಜಪಾನ್, ದಕ್ಷಿಣ ಕೊರಿಯಾ, ಚೀನಾ, ವಿಯೆಟ್ನಾಂ ಕಡೆ ಇಂಗ್ಲಿಷ್ ಕಲಿಸಲು ಹೊರದೇಶದಿಂದ ಹೋದವರಿಗೆ ಸಾಮಾನ್ಯವಾಗಿ ವಾರಕ್ಕೆ 20ರಿಂದ 25 ಗಂಟೆ ತರಗತಿ ಇರುತ್ತದೆ. ಶಾಲೆಗಳಲ್ಲಿರುವವರಿಗೆ ಸಂಜೆ, ಶನಿವಾರ, ಭಾನುವಾರ ಬಹುಮಟ್ಟಿಗೆ ಖಾಲಿ. ಆ ಹೊತ್ತಿನಲ್ಲಿ ಮನೆಪಾಠ ಹೇಳಿ ನಾಲ್ಕು ಕಾಸು ನೋಡುವುದು ಸರಿಯೇ ಎಂಬ ಮಾತು ಬಂದಾಗಲೆಲ್ಲ ಎರಡೇ ಬಗೆಯ ಉತ್ತರ ಸಿಗುತ್ತದೆ. ಒಂದು, "ಎಲ್ಲರೂ ಮಾಡ್ತಾರೆ, ಏನೂ ಆಗಲ್ಲ." ಇನ್ನೊಂದು, "ಸಿಕ್ಕಿಬಿದ್ದರೆ ದೇಶ ಬಿಡಬೇಕಾಗುತ್ತೆ, ಹತ್ತಿರವೂ ಸುಳಿಯಬೇಡಿ." ಎರಡರಿಂದಲೂ ಏನೂ ತಿಳಿಯುವುದಿಲ್ಲ.

ಬೇಕಾಗಿರುವುದು ನಿಖರವಾದ ವಿವರ. ಯಾವ ದೇಶದಲ್ಲಿ ಯಾವ ವೀಸಾದವರು ಹೇಳಬಹುದು, ಯಾರು ಹೇಳಬಾರದು? ಆನ್‌ಲೈನ್ ಪಾಠಕ್ಕೂ ಅದೇ ನಿಯಮವೇ? ಹಣದ ಬದಲು ಭಾಷೆಗೆ ಭಾಷೆ ಕಲಿಸುವ ಏರ್ಪಾಡು ನಡೆಯುತ್ತದೆಯೇ? ಶಾಲೆಯ ಮಕ್ಕಳ ತಂದೆತಾಯಿಯೇ ಬಂದು ಕೇಳಿದರೆ ಏನು ಹೇಳಬೇಕು? ಕಾನೂನು ಒಪ್ಪುವ ಕಡೆ ಫೀಸು ಹೇಗೆ ಲೆಕ್ಕ ಹಾಕಬೇಕು? ವಿಷಯ ಬಲ್ಲವರು ದಯವಿಟ್ಟು ಬಿಡಿಸಿ ಬರೆಯಿರಿ.

ಉತ್ತರ 1: ಕಡತ_ನೋಡುವವರು

ದೇಶ ಯಾವುದು ಎನ್ನುವುದಕ್ಕಿಂತ ಮುಂಚೆ ವೀಸಾ ಯಾವುದು ಎಂದು ನೋಡಬೇಕು. ಒಂದೇ ಊರಿನಲ್ಲಿ, ಒಂದೇ ಫೀಸಿಗೆ, ಒಂದೇ ಪುಸ್ತಕ ಇಟ್ಟುಕೊಂಡು ಪಾಠ ಹೇಳುವ ಇಬ್ಬರಲ್ಲಿ ಒಬ್ಬರದು ಕಾನೂನುಬದ್ಧ, ಇನ್ನೊಬ್ಬರದು ಅಪರಾಧ ಆಗಿರಬಹುದು. ವ್ಯತ್ಯಾಸವೆಲ್ಲ ಅವರ ನಿವಾಸ ಕಾರ್ಡಿನ ಮೇಲಿರುವ ಎರಡು ಅಕ್ಷರದ್ದು.

ಕೊರಿಯಾದಲ್ಲಿ ಇದು ಕಣ್ಣಿಗೆ ಕಟ್ಟುವ ಹಾಗೆ ಕಾಣುತ್ತದೆ. ಅಲ್ಲಿನ ಖಾಸಗಿ ಪಾಠಶಾಲೆಗಳಿಗೆ, ಅಂದರೆ ಹಾಗ್ವಾನ್‌ಗಳಿಗೆ, ಬರುವ ಬಹುಪಾಲು ವಿದೇಶಿ ಶಿಕ್ಷಕರು ಇರುವುದು ಇ-2 ವೀಸಾದಲ್ಲಿ. ಆ ವೀಸಾ ಶಿಕ್ಷಕರನ್ನು ಒಂದು ಕೆಲಸದ ಜಾಗಕ್ಕೆ ಕಟ್ಟಿಹಾಕುತ್ತದೆ. ಮಕ್ಕಳ ಮನೆಗೆ ಹೋಗಿ ಪಾಠ ಹೇಳಿ ಹಣ ತೆಗೆದುಕೊಂಡರೆ ವಲಸೆ ಕಾನೂನು ಮುರಿದಂತೆ. ಅದೇ ಕೊರಿಯಾದವರನ್ನು ಮದುವೆಯಾಗಿ ಎಫ್-6 ಪಡೆದವರಿಗೆ, ಕಾಯಂ ನಿವಾಸದ ಎಫ್-5 ಇದ್ದವರಿಗೆ ಮನೆಪಾಠ ತೆರೆದ ದಾರಿ. ಆದರೆ ಅವರೂ ಸುಮ್ಮನೆ ಶುರು ಮಾಡುವ ಹಾಗಿಲ್ಲ. ತಾವು ವಾಸವಿರುವ ಪ್ರದೇಶದ ಶಿಕ್ಷಣ ಕಚೇರಿಯಲ್ಲಿ ಮನೆಪಾಠದವರೆಂದು ಹೆಸರು ಬರೆಸಬೇಕು, ಕಲಿಸುವ ವಿಷಯ, ಜಾಗ, ತೆಗೆದುಕೊಳ್ಳುವ ಫೀಸು ಎಲ್ಲ ತಿಳಿಸಬೇಕು. ಪಾಠ ಶಿಕ್ಷಕರ ಮನೆಯಲ್ಲಿ ಇಲ್ಲವೇ ಮಗುವಿನ ಮನೆಯಲ್ಲಿ ಮಾತ್ರ ನಡೆಯಬೇಕು, ಒಮ್ಮೆಗೆ 9 ಮಕ್ಕಳಿಗಿಂತ ಹೆಚ್ಚು ಕೂರಿಸುವಂತಿಲ್ಲ. ಇದಲ್ಲದೆ ಶಾಲೆಯಲ್ಲಿ ನೇಮಕವಾದ ಶಿಕ್ಷಕರು ಹೊರಗೆ ಮನೆಪಾಠ ಹೇಳಬಾರದೆಂದು ಅಲ್ಲಿನ ಹಾಗ್ವಾನ್ ಕಾನೂನೇ ಹೇಳುತ್ತದೆ. ಅದು ಕೊರಿಯಾದವರೇ ಆದ ಮೇಷ್ಟ್ರುಗಳಿಗೂ ಅನ್ವಯಿಸುತ್ತದೆ. ಹೊರಗಿನವರ ಮೇಲಿನ ಸಿಟ್ಟಿನಿಂದ ಮಾಡಿದ ನಿಯಮ ಎಂದುಕೊಳ್ಳಬಾರದು.

"ನಗದು ತಗೊಂಡರೆ ಗೊತ್ತಾಗಲ್ಲ" ಎಂಬ ಮಾತಿಗೆ ಕೊರಿಯಾದಲ್ಲಿ ಬೆಲೆಯೇ ಇಲ್ಲ. ನಿಯಮ ಮೀರಿದ ಹಾಗ್ವಾನ್, ನೋಂದಣಿ ಇಲ್ಲದ ಮನೆಪಾಠದ ಸುಳಿವು ಕೊಟ್ಟವರಿಗೆ ಬಹುಮಾನ ಕೊಡುವ ಪದ್ಧತಿ 2009ರಲ್ಲೇ ಬಂತು. ಅದನ್ನೇ ಕಸುಬು ಮಾಡಿಕೊಂಡವರಿಗೆ ಜನ ಹಾಕ್‌ಪರಾಚಿ ಎಂದು ಹೆಸರೇ ಇಟ್ಟರು. ಹಣ ಕೈಯಿಂದ ಕೈಗೆ ಹೋದರೂ, ಯಾವ ದಿನ ಎಷ್ಟು ಗಂಟೆಗೆ ಬರುತ್ತೀರಿ ಎಂಬ ಮಾತುಕತೆ ಫೋನಿನ ಚಾಟ್‌ನಲ್ಲಿ ಉಳಿದೇ ಇರುತ್ತದೆ.

ಚೀನಾದ ಕಾನೂನಿನಲ್ಲಿ ದಂಡದ ಅಂಕಿಯೇ ಬರೆದಿದೆ. 2013ರ ಜುಲೈ 1ರಿಂದ ಜಾರಿಯಲ್ಲಿರುವ ನಿರ್ಗಮನ ಪ್ರವೇಶ ಕಾನೂನಿನ 43ನೇ ವಿಧಿಯ ಪ್ರಕಾರ ಪರವಾನಗಿಯಲ್ಲಿ ಹೇಳಿದ ವ್ಯಾಪ್ತಿ ಮೀರಿ ಕೆಲಸ ಮಾಡಿದರೂ ಅಕ್ರಮ ಕೆಲಸವೇ. ಅಂದರೆ ವರ್ಕ್ ಪರ್ಮಿಟ್ ಇದ್ದೂ ಬೇರೆ ಕಡೆ ಪಾಠ ಹೇಳಿದರೆ, ಪರ್ಮಿಟ್ಟೇ ಇಲ್ಲದವರ ಸಾಲಿಗೇ ಸೇರಿದಂತೆ. 80ನೇ ವಿಧಿಯಲ್ಲಿ ದಂಡ 5,000ದಿಂದ 20,000 ಯುವಾನ್. ಪ್ರಕರಣ ಗಂಭೀರವಾದರೆ ಅದರ ಜೊತೆಗೆ 5ರಿಂದ 15 ದಿನ ಬಂಧನ. ದೇಶದಿಂದ ಕಳಿಸಿಬಿಟ್ಟರೆ 1ರಿಂದ 5 ವರ್ಷ ಮತ್ತೆ ಒಳಗೆ ಬಿಡುವುದಿಲ್ಲ. ಇದರ ಮೇಲೆ 2021ರ ಜುಲೈನಲ್ಲಿ ಬಂದ 'ಎರಡು ಹೊರೆ ಇಳಿಸುವ' ನೀತಿ ಕಡ್ಡಾಯ ಶಿಕ್ಷಣದ ಮಕ್ಕಳಿಗೆ ಇಂಗ್ಲಿಷೂ ಸೇರಿದಂತೆ ಶಾಲಾ ವಿಷಯಗಳ ಲಾಭದ ಟ್ಯೂಷನ್ ವ್ಯಾಪಾರವನ್ನೇ ನಿಲ್ಲಿಸಿತು. ಹೊರದೇಶದಲ್ಲಿ ಕುಳಿತ ಶಿಕ್ಷಕರನ್ನು ಇಟ್ಟುಕೊಂಡು ಪಾಠ ನಡೆಸುವುದನ್ನೂ ಅದೇ ನೀತಿ ತಡೆಯಿತು.

ಉಳಿದವನ್ನು ಚಿಕ್ಕದಾಗಿ ಹೇಳುತ್ತೇನೆ. ತೈವಾನ್‌ನಲ್ಲಿ ಅನುಮತಿ ಇಲ್ಲದ ಕೆಲಸಕ್ಕೆ 30,000ದಿಂದ 1,50,000 ತೈವಾನ್ ಡಾಲರ್ ದಂಡ. ಥಾಯ್ಲೆಂಡ್‌ನಲ್ಲಿ 5,000ದಿಂದ 50,000 ಬಾತ್, ಜೊತೆಗೆ ದೇಶದಿಂದ ಹೊರಗೆ, ಆಮೇಲೆ ಎರಡು ವರ್ಷ ವರ್ಕ್ ಪರ್ಮಿಟ್ ಕೇಳುವಂತಿಲ್ಲ. ವಿಯೆಟ್ನಾಂನ 2022ರ 12ನೇ ಆದೇಶದಲ್ಲಿ ಪರ್ಮಿಟ್ ಇಲ್ಲದೆ ಕೆಲಸ ಮಾಡಿದ ವಿದೇಶಿಯರಿಗೆ 1.5 ಕೋಟಿಯಿಂದ 2.5 ಕೋಟಿ ಡಾಂಗ್ ದಂಡ, ಮತ್ತು ಗಡಿಪಾರು.

ಎಲ್ಲ ಕಡೆಯೂ ಗಮನಿಸಬೇಕಾದ್ದು ಇಷ್ಟು. ಪಾಠ ಹೇಳಿಸಿಕೊಂಡ ಮನೆಯವರು ಮರುದಿನ ಬೇರೊಬ್ಬರನ್ನು ಹುಡುಕಿಕೊಳ್ಳುತ್ತಾರೆ. ವೀಸಾ, ಮನೆ, ಬಾಕಿ ಸಂಬಳ, ಕಾಂಟ್ರಾಕ್ಟ್ ಮುಗಿದಾಗ ಬರಬೇಕಾದ ಹಣ ಎಲ್ಲವೂ ಒಟ್ಟಿಗೆ ಹೋಗುವುದು ಶಿಕ್ಷಕರದೇ. ತಿಂಗಳಿಗೆ ನಾಲ್ಕು ಪಾಠದ ಫೀಸಿಗೆ ಅಷ್ಟನ್ನೂ ಒತ್ತೆ ಇಡುವುದು ನನ್ನ ಲೆಕ್ಕದಲ್ಲಿ ತಪ್ಪು.

ಉತ್ತರ 2: ಮಸಿಕುಡಿಕೆ

ಮೇಲಿನ ಉತ್ತರ ಸರಿಯಾಗಿದೆ. ಆದರೆ ಅದನ್ನಷ್ಟೇ ಓದಿದವರಿಗೆ ಎಲ್ಲ ಕಡೆ ಬಾಗಿಲು ಮುಚ್ಚಿದೆ ಅನ್ನಿಸಬಹುದು. ಜಪಾನ್ ಹಾಗಿಲ್ಲ.

ಜಪಾನಿನಲ್ಲಿ ಸರ್ಕಾರಿ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಿರುವವರು ಇರುವುದು 'ಬೋಧಕ' ಎಂಬ ವೀಸಾ ದರ್ಜೆಯಲ್ಲಿ. ಅವರು ಶಾಲೆಯ ಹೊರಗೆ ಹಣಕ್ಕೆ ಪಾಠ ಹೇಳಬೇಕಾದರೆ ದರ್ಜೆಯ ಹೊರಗಿನ ಕೆಲಸಕ್ಕೆ ಅನುಮತಿ ತೆಗೆದುಕೊಳ್ಳಬೇಕು. ಅರ್ಜಿಗೆ ಶುಲ್ಕ ಇಲ್ಲ. ವಾಸಸ್ಥಳದ ವಲಸೆ ಕಚೇರಿಗೆ ಅರ್ಜಿ ನಮೂನೆ, ನಿವಾಸ ಕಾರ್ಡ್, ಪಾಸ್‌ಪೋರ್ಟ್, ಮಾಡಲಿರುವ ಕೆಲಸದ ವಿವರ (ಎಲ್ಲಿ, ವಾರಕ್ಕೆ ಎಷ್ಟು ಗಂಟೆ, ಎಷ್ಟು ಹಣ) ಕೊಡಬೇಕು. ಎರಡು ವಾರದಿಂದ ಎರಡು ತಿಂಗಳು ಹಿಡಿಯುತ್ತದೆ. ಅನುಮತಿ ಕೈಗೆ ಬರುವವರೆಗೆ ಒಂದು ಪಾಠವನ್ನೂ ಶುರು ಮಾಡಬಾರದು. ಇಂಗ್ಲಿಷ್ ಸಂಭಾಷಣಾ ಶಾಲೆಗಳಲ್ಲಿ ಕೆಲಸ ಮಾಡುವವರ ದರ್ಜೆ ಬೇರೆ. ಭಾಷೆ ಕಲಿಸುವುದು ಆ ದರ್ಜೆಯ ಕೆಲಸವೇ ಆದರೂ ಬಿಡಿ ಮನೆಪಾಠದ ವಿಚಾರವನ್ನು ಕಚೇರಿಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡೇ ಮುಂದುವರಿಯಬೇಕು. ಜಪಾನೀಯರ ಗಂಡ ಅಥವಾ ಹೆಂಡತಿಯಾಗಿ ಬಂದವರಿಗೆ, ಕಾಯಂ ನಿವಾಸಿಗಳಿಗೆ ಕೆಲಸದ ಮೇಲೆ ಈ ಕಟ್ಟುಪಾಡು ಇಲ್ಲ.

ಯಾವುದೇ ವೀಸಾ ಇರಲಿ, ಕಾಂಟ್ರಾಕ್ಟನ್ನು ಬೇರೆಯಾಗಿ ಓದಿ. ಸರ್ಕಾರ ಒಪ್ಪಿದ್ದನ್ನೂ ಕೆಲಸ ಕೊಟ್ಟವರು ತಡೆಯಬಹುದು. ಹುಡುಕಬೇಕಾದ ವಾಕ್ಯಗಳು ಮೂರು: ಬೇರೆ ಸಂಪಾದನೆಗೆ ಲಿಖಿತ ಒಪ್ಪಿಗೆ ಬೇಕು ಎನ್ನುವುದು, ಶಾಲೆಯ ಈಗಿನ ಮತ್ತು ಹಿಂದಿನ ವಿದ್ಯಾರ್ಥಿಗಳಿಗೆ ಹೊರಗೆ ಕಲಿಸಬಾರದು ಎನ್ನುವುದು, ಮತ್ತು ಕೆಲಸ ಬಿಟ್ಟ ಮೇಲೂ ಇಷ್ಟು ತಿಂಗಳು, ಇಷ್ಟು ದೂರದೊಳಗೆ ಕಲಿಸಬಾರದು ಎನ್ನುವುದು. ಒಪ್ಪಿಗೆ ಸಿಕ್ಕರೆ ಬಾಯಿಮಾತಿನಲ್ಲಿ ಬಿಡದೆ ಇಮೇಲ್‌ನಲ್ಲಿ ಪಡೆಯಿರಿ. ಒಪ್ಪಿದ ಮುಖ್ಯಸ್ಥರು ವರ್ಗವಾಗಿ ಹೋದರೆ ಹೊಸಬರಿಗೆ ತೋರಿಸಲು ಅದೊಂದೇ ಕಾಗದ ಇರುತ್ತದೆ.

ಪಾಠಪಟ್ಟಿ:

ಇಬ್ಬರಿಗೂ ಧನ್ಯವಾದ. ಹಾಗಾದರೆ ತಂದೆತಾಯಿ ತಾವಾಗಿ ಬಂದು ಕೇಳುವ ಪ್ರಸಂಗ? ಇಲ್ಲ ಎಂದರೆ ಬೇಸರ ಮಾಡಿಕೊಳ್ಳುವವರೂ ಇರುತ್ತಾರೆ. ಆನ್‌ಲೈನ್ ಬಗ್ಗೆಯೂ ಯಾರೂ ಹೇಳಲಿಲ್ಲ.

ಉತ್ತರ 3: ಕಡತ_ನೋಡುವವರು

ಆನ್‌ಲೈನ್ ಮೊದಲು. ವಿದ್ಯಾರ್ಥಿ ಬ್ರೆಜಿಲ್‌ನಲ್ಲಿರಲಿ, ಹಣ ಅಮೆರಿಕದ ಖಾತೆಗೆ ಬೀಳಲಿ, ಕೆಲಸ ಮಾಡುವವರು ಯಾವ ನೆಲದ ಮೇಲೆ ಕುಳಿತಿದ್ದಾರೆ ಎಂಬುದನ್ನೇ ಬಹುತೇಕ ದೇಶಗಳ ವಲಸೆ ಕಾನೂನು, ತೆರಿಗೆ ಕಾನೂನು ನೋಡುತ್ತವೆ. ಒಬ್ಬರೇ ಮಾಲೀಕರಿಗೆ ಕಟ್ಟಿದ ವೀಸಾ ಇದ್ದರೆ ಲ್ಯಾಪ್‌ಟಾಪ್ ಮುಂದೆ ಹೇಳಿದ ಪಾಠವೂ ಆ ವೀಸಾದ ಹೊರಗಿನದೇ. ಪತ್ತೆ ಹಚ್ಚುವುದು ಕಷ್ಟ, ನಿಜ. ಪತ್ತೆಯಾಗದ್ದು ಕಾನೂನುಬದ್ಧ ಆಗುವುದಿಲ್ಲ.

ಭಾಷೆಗೆ ಭಾಷೆ ವಿನಿಮಯ: ಅರ್ಧ ಗಂಟೆ ನಿಮ್ಮಿಂದ ಇಂಗ್ಲಿಷ್, ಅರ್ಧ ಗಂಟೆ ಅವರಿಂದ ಕೊರಿಯನ್ ಅಥವಾ ಜಪಾನೀಸ್, ಹಣ ಇಲ್ಲ. ಇದು ಇಬ್ಬರು ಗೆಳೆಯರು ಕೂತು ಮಾತಾಡಿದಂತೆ. ಆದರೆ ಪಾಠದ ಬದಲು ಬಾಡಿಗೆ ಬಿಟ್ಟುಕೊಡುವುದು, ಫೋನ್ ಕೊಡಿಸುವುದು, ಪ್ರತಿ ವಾರ ದಿನಸಿ ತಂದುಕೊಡುವುದು ಶುರುವಾದರೆ ಅದು ಸಂಭಾವನೆಯೇ, ನೋಟಿನ ರೂಪದಲ್ಲಿಲ್ಲ ಅಷ್ಟೆ.

ಸ್ವಂತ ವಿದ್ಯಾರ್ಥಿಗಳ ವಿಷಯ ಕಾನೂನಿಗಿಂತ ದೊಡ್ಡದು. ವಿಯೆಟ್ನಾಂನಲ್ಲಿ 2025ರ ಫೆಬ್ರವರಿ 14ರಿಂದ ಜಾರಿಗೆ ಬಂದ 29/2024ನೇ ಸುತ್ತೋಲೆ, ಶಾಲೆಯಲ್ಲಿ ತಾನು ಪಾಠ ಮಾಡುವ ಮಕ್ಕಳಿಗೇ ಹೊರಗೆ ಹಣ ತೆಗೆದುಕೊಂಡು ಪಾಠ ಹೇಳಬಾರದೆಂದು ಶಿಕ್ಷಕರಿಗೆ ಕಟ್ಟಪ್ಪಣೆ ಮಾಡಿದೆ. ಕಾರಣ ಸರಳ. ಅಂಕ ಕೊಡುವವರೂ ಫೀಸು ತೆಗೆದುಕೊಳ್ಳುವವರೂ ಒಬ್ಬರೇ ಆದರೆ, ಫೀಸು ಕೊಡಲಾಗದ ಮನೆಯ ಮಗು ಪ್ರತಿ ಕಡಿಮೆ ಅಂಕವನ್ನೂ ಅನುಮಾನದಿಂದ ನೋಡುತ್ತದೆ. ಶಿಕ್ಷಕರು ಎಷ್ಟೇ ನ್ಯಾಯವಾಗಿದ್ದರೂ ಆ ಅನುಮಾನ ಹೋಗುವುದಿಲ್ಲ. ನಿಯಮ ಇಲ್ಲದ ದೇಶದಲ್ಲೂ ಇದನ್ನು ಪಾಲಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ತಂದೆತಾಯಿಗೆ ಹೇಳುವಾಗ ಸ್ವಂತ ಇಷ್ಟಾನಿಷ್ಟ ತರಬೇಡಿ. "ನನ್ನ ವೀಸಾ ಶಾಲೆಯ ಕೆಲಸಕ್ಕೆ ಮಾತ್ರ, ಹೊರಗೆ ಹೇಳಿದರೆ ವೀಸಾ ಹೋಗುತ್ತದೆ" ಎಂದರೆ ಯಾರಿಗೂ ಬೇಸರ ಆಗುವುದಿಲ್ಲ. "ಟೈಮ್ ಇಲ್ಲ" ಎಂದರೆ ಮುಂದಿನ ತಿಂಗಳು ಮತ್ತೆ ಕೇಳುತ್ತಾರೆ, ಹೆಚ್ಚು ಹಣದ ಮಾತಿನೊಂದಿಗೆ. ಕಾರಣ ಹೇಳಿದ ಕೂಡಲೇ ಮಗು ಮನೆಯಲ್ಲಿ ಮಾಡಬಹುದಾದ ಒಂದು ಕೆಲಸ ಸೂಚಿಸಿ: ದಿನಕ್ಕೆ 15 ನಿಮಿಷ ಗಟ್ಟಿಯಾಗಿ ಓದುವುದು, ಓದಿದ್ದನ್ನು ರೆಕಾರ್ಡ್ ಮಾಡಿ ಕೇಳಿಕೊಳ್ಳುವುದು. ಅವರಿಗೆ ಬೇಕಿದ್ದುದು ಮಗುವಿನ ಬಗ್ಗೆ ಕಾಳಜಿ, ಅದು ಸಿಕ್ಕಂತಾಗುತ್ತದೆ.

ಉತ್ತರ 4: ಗಂಟೆಲೆಕ್ಕ

ಅನುಮತಿ ಇದೆ ಎಂದೇ ಇಟ್ಟುಕೊಳ್ಳೋಣ. ಲಾಭ ಇದೆಯಾ? ಗಂಟೆಯ ಫೀಸು ನೋಡಿ ಲಾಭ ಲೆಕ್ಕ ಹಾಕೋರು ಇಲ್ಲೇ ಎಡವೋದು.

ಟೋಕಿಯೊದಲ್ಲಿ ಗಂಟೆಗೆ 4,000 ಯೆನ್ ಫೀಸಿನ ಒಂದು ಪಾಠ ತಗೊಳ್ಳಿ. ಪಾಠ 60 ನಿಮಿಷ. ವಿದ್ಯಾರ್ಥಿಯ ಮನೆಗೆ ಹೋಗೋಕೆ 40, ಬರೋಕೆ 40. ತಯಾರಿ 30. ಒಟ್ಟು 170 ನಿಮಿಷ. ರೈಲಿನ ಖರ್ಚು ಹೋಗಿಬರಲು 600 ಯೆನ್ ಅಂದ್ರೆ ಕೈಗೆ ಉಳಿಯೋದು 3,400. ಅದನ್ನ 170 ನಿಮಿಷಕ್ಕೆ ಹಂಚಿದ್ರೆ ಗಂಟೆಗೆ 1,200 ಯೆನ್. ಟೋಕಿಯೊದ ಕನಿಷ್ಠ ಕೂಲಿ 2025ರ ಅಕ್ಟೋಬರ್‌ನಿಂದ ಗಂಟೆಗೆ 1,226. ಅಂದ್ರೆ ಪದವಿ, ಸರ್ಟಿಫಿಕೇಟ್, ಅನುಭವ ಎಲ್ಲ ಇಟ್ಕೊಂಡು ಅಂಗಡಿಯ ಗಲ್ಲಾದಲ್ಲಿ ನಿಲ್ಲೋರಿಗಿಂತ ಕಡಿಮೆ ಸಂಪಾದನೆ. ತಿಂಗಳ ನಾಲ್ಕು ಪಾಠದಲ್ಲಿ ಒಂದು ಕೊನೇ ಗಳಿಗೇಲಿ ರದ್ದಾದ್ರೆ ಇನ್ನೂ ಕೆಳಗೆ.

ಇದನ್ನ ಸರಿ ಮಾಡೋಕೆ ಫೀಸು ಏರಿಸೋದಕ್ಕಿಂತ ಮುಂಚೆ ಮಾಡಬೇಕಾದ್ದು ಬೇರೆ ಇದೆ.

ಓಡಾಟ ಕತ್ತರಿಸಿ. ಮನೆಯಿಂದ ಶಾಲೆಗೆ ಹೋಗೋ ರೈಲು ಮಾರ್ಗದ ಮೇಲೇ ಇರೋ ನಿಲ್ದಾಣಗಳ ಹತ್ತಿರದ ವಿದ್ಯಾರ್ಥಿಗಳನ್ನಷ್ಟೇ ಒಪ್ಪಿಕೊಳ್ಳಿ. ಪಾಸ್ ಇರೋದ್ರಿಂದ ಟಿಕೆಟ್ ಖರ್ಚೂ ಇಲ್ಲ. ಒಂದೇ ಸಂಜೆ ಒಂದೇ ಕಡೆ ಬೆನ್ನುಬೆನ್ನಿಗೆ ಎರಡು ಪಾಠ ಇಟ್ಟುಕೊಂಡ್ರೆ ಓಡಾಟದ ಹೊತ್ತು ಅರ್ಧ.

ಮೂರು ಜನರ ಗುಂಪು ಮಾಡಿ. ತಲೆಗೆ 2,000 ಯೆನ್ ಅಂದ್ರೆ ವಿದ್ಯಾರ್ಥಿಗೆ ಅರ್ಧ ಫೀಸು, ಶಿಕ್ಷಕರಿಗೆ 6,000. ಒಬ್ಬರು ಬರದಿದ್ರೂ ಪಾಠ ನಿಲ್ಲಲ್ಲ. ಆದ್ರೆ ಮೂವರ ಮಟ್ಟ ಒಂದೇ ಇರಬೇಕು. ಗೆಳತಿಯರು ಒಟ್ಟಿಗೆ ಬರ್ತೀವಿ ಅಂತಾರೆ, ಒಬ್ಬಳು ಸರಾಗವಾಗಿ ಮಾತಾಡ್ತಾಳೆ, ಇನ್ನೊಬ್ಬಳು ವಾಕ್ಯಕ್ಕೆ ತಡಕಾಡ್ತಾಳೆ. ಎರಡನೇ ತಿಂಗಳಿಗೆ ಗುಂಪು ಒಡೆಯುತ್ತೆ. ಸೇರಿಸಿಕೊಳ್ಳೋ ಮುಂಚೆ ಒಬ್ಬೊಬ್ಬರನ್ನೇ ಹತ್ತು ನಿಮಿಷ ಮಾತಾಡಿಸಿ ನೋಡಿ.

ಹಣ ತಿಂಗಳ ಮೊದಲ ಪಾಠದಲ್ಲೇ ಮುಂಗಡ. ಜಪಾನಿನಲ್ಲಿ ಇದು ಹೊಸದೇನಲ್ಲ, ಸಂಗೀತ, ಅಬಾಕಸ್, ಅಕ್ಷರ ಬರೆಯೋ ಪಾಠ ಎಲ್ಲದಕ್ಕೂ ಗೆಶ್ಶಾ ಅನ್ನೋ ತಿಂಗಳ ಫೀಸಿನ ಪದ್ಧತಿ ಇದೆ, ಅದಕ್ಕೆ ಬೇರೆ ಲಕೋಟೆಯೇ ಸಿಗುತ್ತೆ. ತಿಂಗಳಿಗೆ ನಾಲ್ಕು ಪಾಠ ಅಂತ ಗೊತ್ತು ಮಾಡಿ. ಐದನೇ ವಾರ ಬಂದ್ರೆ ರಜಾ, ಇಲ್ಲ ಬಿಟ್ಟುಹೋದ ಪಾಠ ತುಂಬಿಸೋಕೆ. 24 ಗಂಟೆ ಮುಂಚೆ ತಿಳಿಸಿದ್ರೆ ಬೇರೆ ದಿನ, ಆಮೇಲೆ ತಿಳಿಸಿದ್ರೆ ಫೀಸು ವಾಪಸ್ ಇಲ್ಲ. ಈ ನಿಯಮ ಅರ್ಧ ಪುಟ ಮೀರಬಾರದು, ವಿದ್ಯಾರ್ಥಿಯ ಭಾಷೇಲೂ ಇರಬೇಕು. ಮೊದಲನೇ ಸಲ ತಪ್ಪಿದಾಗಲೇ ಜಾರಿ ಮಾಡಬೇಕು. ಒಂದು ಸಲ ಹೋಗಲಿ ಅಂದ್ರೆ ನಿಯಮ ಅಲ್ಲಿಗೇ ಸತ್ತಂತೆ.

ಎಂಟು ಪಾಠಕ್ಕೆ ಒಟ್ಟಿಗೆ ಹಣ ತಗೊಂಡು ಕಂತಾಗಿ ಮಾರುವವರು ಅದನ್ನ ಮುಗಿಸೋಕೆ ಅವಧಿ ಹಾಕಬೇಕು, ಮೂರು ತಿಂಗಳು ಸಾಕು. ವೀಸಾ ಮುಗಿಯೋ ತಾರೀಖಿನಾಚೆಗೆ ಹೋಗೋ ಕಂತನ್ನ ಯಾವ ಕಾರಣಕ್ಕೂ ಮಾರಬಾರದು. ದೇಶ ಬಿಡೋ ಗಡಿಬಿಡೀಲಿ ಜನರ ಹಣ ಉಳಿಸಿಕೊಂಡು ಹೋದ್ರೆ, ಆಮೇಲೆ ಬರೋ ಪ್ರತಿಯೊಬ್ಬ ವಿದೇಶಿ ಶಿಕ್ಷಕರ ಮೇಲೂ ಆ ಸಂಶಯ ಬೀಳುತ್ತೆ.

ಪರೀಕ್ಷೆ ತಯಾರಿಯ ಪಾಠಕ್ಕೆ ಫೀಸು ಬೇರೆ ಇಡಿ. ಐಇಎಲ್‌ಟಿಎಸ್ ಬರವಣಿಗೆಯ ಎರಡನೇ ಪ್ರಶ್ನೆ 250 ಪದದ್ದು. ಅದನ್ನ ಸರಿಯಾಗಿ ತಿದ್ದೋಕೆ 20ರಿಂದ 25 ನಿಮಿಷ ಬೇಕು. ವಾರಕ್ಕೆರಡು ಪ್ರಬಂಧ ಮನೇಲಿ ತಿದ್ದಿಕೊಡ್ತೀನಿ ಅಂದ್ರೆ ಮುಕ್ಕಾಲು ಗಂಟೆ ಪುಕ್ಕಟೆ ಕೆಲಸ. ಪ್ರಬಂಧಕ್ಕೆ ಇಷ್ಟು ಅಂತ ದರ ಹಾಕಿ, ಇಲ್ಲವೇ ಪಾಠದೊಳಗೇ ಎದುರು ಕೂತು ತಿದ್ದಿ.

ಉತ್ತರ 5: ನುಡಿಗೆಲಸ

ಹಣದ ಲೆಕ್ಕ ಚೆನ್ನಾಗಿ ಬಂತು. ಪಾಠದ ಬಗ್ಗೆ ಹೇಳಬೇಕು. 30 ಮಕ್ಕಳ ತರಗತಿ ನಡೆಸಿ ಬಂದವರು ಒಬ್ಬರಿಗೇ ಪಾಠ ಹೇಳುವಾಗ ಎರಡು ತಪ್ಪು ಮಾಡುತ್ತಾರೆ. ತರಗತಿಯ ಪಾಠವನ್ನೇ ಕುಗ್ಗಿಸಿ ತರುತ್ತಾರೆ, ಇಲ್ಲವೇ ಏನೂ ತಯಾರಿ ಇಲ್ಲದೆ "ಫ್ರೀ ಟಾಕಿಂಗ್" ಎಂದು ಹರಟೆಗೆ ಕೂರುತ್ತಾರೆ. ಹರಟೆಯ ಪಾಠ ಐದಾರು ವಾರ ಹಿತವಾಗಿರುತ್ತದೆ. ಆಮೇಲೆ ವಿದ್ಯಾರ್ಥಿಗೆ ತಾನು ಮುಂದೆ ಹೋಗುತ್ತಿಲ್ಲ ಎಂದು ಹೊಳೆಯುತ್ತದೆ, ಕೆಲಸ ಜಾಸ್ತಿಯಾಗಿದೆ ಎಂದು ಹೇಳಿ ನಿಲ್ಲಿಸುತ್ತಾರೆ. ಶಿಕ್ಷಕರಿಗೆ ಕಾರಣ ಗೊತ್ತಾಗುವುದೇ ಇಲ್ಲ.

ಮೊದಲ ಪಾಠದಲ್ಲಿ ಕಲಿಸಬೇಡಿ, ಕೇಳಿ. ಎರಡು ನಿಮಿಷ ತಡೆಯದೆ ಮಾತಾಡಿಸಿ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಮನೆಗೆ ಬಂದು ಅದನ್ನು ಪದಪದ ಬರೆದುಕೊಳ್ಳಿ, ತಡವರಿಕೆಯೂ ಸೇರಿದಂತೆ. ಇಪ್ಪತ್ತು ತಪ್ಪು ಸಿಗಬಹುದು. ಅದರಲ್ಲಿ ಅರ್ಥ ಕೆಡಿಸುವ, ಮತ್ತೆ ಮತ್ತೆ ಬರುವ ಮೂರನ್ನು ಆರಿಸಿ ಮುಂದಿನ ನಾಲ್ಕು ಪಾಠಕ್ಕೆ ಅವಷ್ಟೇ ಗುರಿ ಎಂದು ವಿದ್ಯಾರ್ಥಿಗೆ ತೋರಿಸಿ. ಎರಡು ತಿಂಗಳ ನಂತರ ಅದೇ ವಿಷಯದ ಮೇಲೆ ಮತ್ತೆ ಎರಡು ನಿಮಿಷ ರೆಕಾರ್ಡ್ ಮಾಡಿ ಎರಡನ್ನೂ ಕೇಳಿಸಿ. ಫೀಸು ಕೊಡುವವರಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಮೂರನ್ನು ಆರಿಸುವಾಗ ಅವರ ತಾಯ್ನುಡಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಜಪಾನೀಯರು ವ್ಯಂಜನದ ನಂತರ ಸ್ವರ ಸೇರಿಸುತ್ತಾರೆ, ಡೆಸ್ಕ್ ಎಂಬುದು ಡೆಸುಕು ಆಗುತ್ತದೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ನಮ್ಮ ನಾಲಿಗೆಯೂ ಬಸ್ಸು, ಕಾರು, ಬುಕ್ಕು ಮಾಡಿಕೊಂಡದ್ದೇ. ಕೊರಿಯನ್ನರಲ್ಲಿ ಎಫ್ ಹೋಗಿ ಪ ಬರುತ್ತದೆ, ಕಾಫಿ ಕೋಪಿ ಆಗುತ್ತದೆ. ವಿಯೆಟ್ನಾಮೀಯರದು ಜಪಾನೀಯರಿಗೆ ತದ್ವಿರುದ್ಧ: ಪದದ ಕೊನೆಯ ವ್ಯಂಜನವೇ ಉದುರಿಹೋಗುತ್ತದೆ. ನೈಸ್, ನೈಟ್, ನೈನ್ ಮೂರೂ ನೈ ಎಂದೇ ಕೇಳಿಸಬಹುದು. ಹಾಗಾಗಿ ಅವರಿಗೆ ಭೂತಕಾಲದ ವ್ಯಾಕರಣ ಹೇಳಿ ಹೇಳಿ ಸುಸ್ತಾಗುವ ಶಿಕ್ಷಕರು ಗಮನಿಸಬೇಕು. ವಾಕ್ಡ್ ಎಂದು ಬರೆಯುವಾಗ ತಪ್ಪದೆ ಬರೆದು, ಹೇಳುವಾಗ ಮಾತ್ರ ವಾಕ್ ಎನ್ನುತ್ತಿದ್ದರೆ ಅವರಿಗೆ ವ್ಯಾಕರಣ ಬರುತ್ತದೆ, ಬಾರದಿರುವುದು ಕೊನೆಯ ಸದ್ದು. ಆಗ ಮುಂದಿನ ಪದಕ್ಕೆ ಸದ್ದನ್ನು ಅಂಟಿಸಿ ಹೇಳಿಸಬೇಕು. ವಾಕ್ಡ್ ಇನ್ ಎಂಬುದನ್ನು ವಾಕ್-ಟಿನ್ ಎಂದು ಒಡೆದು ನಾಲ್ಕು ಸಲ ಹೇಳಿಸಿದರೆ ಉದುರುತ್ತಿದ್ದ ಸದ್ದು ಮುಂದಿನ ಪದದ ಮೊದಲಕ್ಕೆ ಹೋಗಿ ಕೂರುತ್ತದೆ. ಪದದ ಮೊದಲಲ್ಲಿರುವ ಸದ್ದನ್ನು ಅವರ ನಾಲಿಗೆ ಬಿಡುವುದಿಲ್ಲ.

ಒಂದು ಗಂಟೆಯಲ್ಲಿ ಶಿಕ್ಷಕರ ಮಾತು 20 ನಿಮಿಷ ದಾಟಬಾರದು. ಇದಕ್ಕೆ ಒಳ್ಳೆಯ ಅಭ್ಯಾಸ ನಾಲ್ಕು-ಮೂರು-ಎರಡು. ಒಂದೇ ವಿಷಯವನ್ನು ವಿದ್ಯಾರ್ಥಿ ಮೊದಲು 4 ನಿಮಿಷದಲ್ಲಿ, ಮತ್ತೆ 3ರಲ್ಲಿ, ಕೊನೆಗೆ 2ರಲ್ಲಿ ಹೇಳಬೇಕು. ನಡುವೆ ತಿದ್ದಬಾರದು, ಚೀಟಿಯಲ್ಲಿ ಬರೆದುಕೊಳ್ಳಬೇಕಷ್ಟೆ. ಮೂರನೆಯ ಸಲಕ್ಕೆ ತಡವರಿಕೆ ಕಡಿಮೆಯಾಗಿರುವುದು ಅವರ ಕಿವಿಗೇ ಕೇಳುತ್ತದೆ. ಇದು ಕೆಡುವುದು ವಿಷಯ ತೀರಾ ಕಷ್ಟದ್ದಾದಾಗ. ಯೋಚನೆಯೇ ಹೊಸದಾದರೆ ಮೂರು ಸಲವೂ ತಡವರಿಸುತ್ತಾರೆ. ನಿನ್ನೆ ಮಾಡಿದ ಕೆಲಸ, ಗೊತ್ತಿರುವ ದಾರಿ, ನೋಡಿದ ಆಟ, ಇಂಥದ್ದೇ ಇರಲಿ.

ಚಿಕ್ಕ ಮಕ್ಕಳಿಗೆ ಪಾಠವಾದರೆ ಮನೆಯ ನಡುಕೋಣೆಯಲ್ಲಿ, ದೊಡ್ಡವರೊಬ್ಬರು ಮನೆಯಲ್ಲಿರುವಾಗ ಮಾತ್ರ. ಬಾಗಿಲು ಮುಚ್ಚಿದ ಕೋಣೆ ಬೇಡ. ಇದರಲ್ಲಿ ಹೊಂದಾಣಿಕೆ ಸಲ್ಲದು.

ಉತ್ತರ 6: ಮಸಿಕುಡಿಕೆ

ತೆರಿಗೆ ಯಾರೂ ಮುಟ್ಟಿಲ್ಲ, ಅದಕ್ಕೇ ಬಂದೆ. ಜಪಾನಿನಲ್ಲಿ ಒಂದೇ ಕಡೆ ಸಂಬಳ ಇರುವವರಿಗೆ ಇತರ ಆದಾಯ, ಖರ್ಚು ಕಳೆದ ಮೇಲೆ, ವರ್ಷಕ್ಕೆ 2,00,000 ಯೆನ್ ದಾಟಿದರೆ ರಿಟರ್ನ್ ಸಲ್ಲಿಸಬೇಕು, ಸಾಮಾನ್ಯವಾಗಿ ಫೆಬ್ರವರಿ 16ರಿಂದ ಮಾರ್ಚ್ 15ರೊಳಗೆ. ಅದರ ಕೆಳಗಿದ್ದರೆ ಏನೂ ಬೇಡ ಎಂದುಕೊಳ್ಳುವುದು ತುಂಬ ಜನ ಮಾಡುವ ತಪ್ಪು. ಆ ವಿನಾಯಿತಿ ರಾಷ್ಟ್ರೀಯ ಆದಾಯ ತೆರಿಗೆಗೆ ಮಾತ್ರ. ನಗರಸಭೆಯ ನಿವಾಸ ತೆರಿಗೆಗೆ 50,000 ಯೆನ್ ಬಂದರೂ ತಿಳಿಸಬೇಕು. ಅಷ್ಟೇ ಅಲ್ಲ, ಹೊರಗಿನ ಆದಾಯದಿಂದ ಏರಿದ ನಿವಾಸ ತೆರಿಗೆ ಸಂಬಳದಲ್ಲೇ ಕಡಿತವಾದರೆ ಕಚೇರಿಯ ಲೆಕ್ಕದವರಿಗೆ ಅದು ಕಣ್ಣಿಗೆ ಬೀಳುತ್ತದೆ. ಶಾಲೆಯ ಒಪ್ಪಿಗೆ ಮೊದಲೇ ಪಡೆಯಿರಿ ಎಂದದ್ದು ಇದಕ್ಕೂ ಸೇರಿಯೇ. ಕೊರಿಯಾದಲ್ಲಿ ಬಿಡಿ ಕೆಲಸದ ಹಣ ಕೊಡುವ ಸಂಸ್ಥೆಗಳು 3.3 ಶೇಕಡಾ ಹಿಡಿದುಕೊಂಡು ಕೊಡುತ್ತವೆ, ಒಟ್ಟು ಲೆಕ್ಕ ಮೇ ತಿಂಗಳ ರಿಟರ್ನ್‌ನಲ್ಲಿ.

ಒಂದು ನೋಟ್‌ಬುಕ್ ಸಾಕು: ತಾರೀಖು, ಎಷ್ಟು ನಿಮಿಷ, ಬಂದ ಹಣ, ರೈಲಿನ ಖರ್ಚು, ಪುಸ್ತಕದ ಖರ್ಚು. ಅಂದಂದೇ ಬರೆಯಬೇಕು, ಫೆಬ್ರವರಿಯಲ್ಲಿ ಕೂತು ನೆನಪಿನಿಂದ ಬರೆದ ಲೆಕ್ಕ ನಿಲ್ಲುವುದಿಲ್ಲ.

ಪಾಠಪಟ್ಟಿ:

ಇಷ್ಟು ವಿವರ ಒಂದೇ ಕಡೆ ಸಿಕ್ಕಿದ್ದು ದೊಡ್ಡ ಉಪಕಾರ. ಕೊನೆಯದೊಂದು: ಇ-2ನಂಥ ವೀಸಾದಲ್ಲಿ ಸಿಕ್ಕಿಕೊಂಡವರಿಗೆ ನ್ಯಾಯವಾದ ದಾರಿ ಏನೂ ಇಲ್ಲವೇ? ಕೊಲ್ಲಿ ದೇಶಗಳ ಬಗ್ಗೆಯೂ ಯಾರಾದರೂ ಹೇಳಬಹುದೇ?

ಉತ್ತರ 7: ಕಡತ_ನೋಡುವವರು

ಯುಎಇಯಲ್ಲಿ 2023ರ ಡಿಸೆಂಬರ್‌ನಿಂದ ಮನೆಪಾಠಕ್ಕೆಂದೇ ಬೇರೆ ಪರ್ಮಿಟ್ ಇದೆ. ಮಾನವ ಸಂಪನ್ಮೂಲ ಸಚಿವಾಲಯವೂ ಶಿಕ್ಷಣ ಸಚಿವಾಲಯವೂ ಸೇರಿ ತಂದದ್ದು. ಶುಲ್ಕ ಇಲ್ಲ, ಎರಡು ವರ್ಷ ನಡೆಯುತ್ತದೆ, ನಡತೆಯ ನಿಯಮಾವಳಿಗೆ ಸಹಿ ಹಾಕಬೇಕು. ಶಾಲೆಯಲ್ಲಿ ಕೆಲಸದಲ್ಲಿರುವವರು ಶಾಲೆಯಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ತರಬೇಕು. ಅದಕ್ಕೂ ಮುಂಚೆ ಅಲ್ಲಿ ಕದ್ದುಮುಚ್ಚಿ ನಡೆಯುತ್ತಿದ್ದ ಪಾಠಗಳಿಗೆ ಇದೊಂದು ನೆಟ್ಟಗಿನ ಬಾಗಿಲು. ಉಳಿದ ದೇಶಗಳೂ ಹೀಗೆ ಮಾಡಿದರೆ ಶಿಕ್ಷಕರಿಗೂ ಮನೆಯವರಿಗೂ ನೆಮ್ಮದಿ.

ಇ-2ನವರಿಗೆ ದಾರಿ ಇದೆ, ಮನೆಪಾಠದ ದಾರಿಯಲ್ಲ. ಒಂದು, ಈಗಿನ ಶಾಲೆಯಲ್ಲೇ ಹೆಚ್ಚುವರಿ ಗಂಟೆ. ಕಾಂಟ್ರಾಕ್ಟಿನಲ್ಲಿ ಹೆಚ್ಚುವರಿ ಗಂಟೆಯ ದರ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಸಹಿಗೆ ಮುಂಚೆ ಬರೆಸಿ. ರಜೆಯ ಶಿಬಿರಗಳಿಗೂ ಪ್ರತ್ಯೇಕ ದರ ಕೇಳಬಹುದು. ಎರಡು, ಇನ್ನೊಂದು ಕೆಲಸದ ಜಾಗವನ್ನು ವಲಸೆ ಕಚೇರಿಯ ಅನುಮತಿಯಿಂದ ಸೇರಿಸಿಕೊಳ್ಳುವುದು. ಇದಕ್ಕೆ ಮೊದಲ ಮಾಲೀಕರ ಒಪ್ಪಿಗೆ ಪತ್ರ, ಎರಡನೆಯವರ ಕಾಂಟ್ರಾಕ್ಟ್, ಅವರ ಸಂಸ್ಥೆಯ ನೋಂದಣಿ ಕಾಗದ ಬೇಕು. ತೈವಾನ್‌ನಲ್ಲೂ ಇಂಥದ್ದೇ ಏರ್ಪಾಡು, ಅಲ್ಲಿ ಅರ್ಜಿ ಹಾಕುವುದು ಎರಡನೆಯ ಮಾಲೀಕರು.

ಒಪ್ಪಿಗೆ ಪತ್ರ ಕೇಳುವ ಹೊತ್ತು ಮುಖ್ಯ. ಕಾಂಟ್ರಾಕ್ಟ್ ನವೀಕರಿಸುವ ಮಾತುಕತೆ ನಡೆಯುವಾಗ ಕೇಳಿ, ಶಾಲೆಗೆ ಶಿಕ್ಷಕರು ಬೇಕಾಗಿರುವುದು ಆಗಲೇ. ವಾರದ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ ಎಂದು ಬರೆದುಕೊಂಡೇ ಹೋಗಿ. ತಮ್ಮ ತರಗತಿಗೆ ಅಡ್ಡಿಯಾಗುವುದಿಲ್ಲ ಎಂದು ವೇಳಾಪಟ್ಟಿ ನೋಡಿದವರು ಸಹಿ ಹಾಕುವ ಸಾಧ್ಯತೆ ಹೆಚ್ಚು.